ಕರಣೆ ಹಿಡಿದ ಕೈ ಕಲಿಯುವುದೇನು?

1984ರ ಸೆಪ್ಟೆಂಬರ್ ತಿಂಗಳು. ಅಮೆರಿಕದ ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಸಣ್ಣ ಪಟ್ಟಣದಿಂದ ಒಂದು ಬಸ್ಸು ನ್ಯೂಯಾರ್ಕಿಗೆ ಹೊರಟಿತು. ಅದರಲ್ಲಿದ್ದವರು ಸ್ವಯಂಸೇವಕರು. ಬಡವರಿಗೆ ಮನೆ ಕಟ್ಟಿಕೊಡುವ ಕೆಲಸಕ್ಕೆ ಹೊರಟವರು. ಅವರ ನಡುವೆ ಅರುವತ್ತರ ಹೊಸ್ತಿಲಲ್ಲಿದ್ದ ಒಬ್ಬರು ತಮ್ಮ ಪತ್ನಿಯೊಂದಿಗೆ ಕುಳಿತಿದ್ದರು. ಹೆಸರು ಜಿಮ್ಮಿ ಕಾರ್ಟರ್. ಅವರು ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದು ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ನ್ಯೂಯಾರ್ಕಿನಲ್ಲಿ ಈ ತಂಡ ತಂಗಿದ್ದು ಹೋಟೆಲಿನಲ್ಲಲ್ಲ, ಒಂದು ಚರ್ಚಿನೊಳಗೆ ಹಾಕಿದ್ದ ಒಂದರ ಮೇಲೊಂದರ ಮಂಚಗಳಲ್ಲಿ. ಹಗಲು ಕೆಲಸ ಮಾಡಿದ್ದು ಪಾಳುಬಿದ್ದಿದ್ದ ಆರು ಮಹಡಿಗಳ ಒಂದು ಕಟ್ಟಡದಲ್ಲಿ. ಅದು ದುರಸ್ತಿಯಾಗಿ ಮುಂದೆ 19 ಕುಟುಂಬಗಳ ಮನೆಯಾಯಿತು.

ಕಾರ್ಟರ್ ಅಲ್ಲಿಗೆ ನಿಲ್ಲಿಸಲಿಲ್ಲ. ವರ್ಷಕ್ಕೊಮ್ಮೆ ಒಂದು ವಾರ ಸುತ್ತಿಗೆ ಹಿಡಿಯುವುದು ಅವರಿಗೆ ವ್ರತದಂತಾಯಿತು. 2006ರಲ್ಲಿ ಮಹಾರಾಷ್ಟ್ರದ ಲೋನಾವಳದ ಬಳಿಗೂ ಬಂದರು. ಅಲ್ಲಿ ಒಂದು ವಾರದಲ್ಲಿ 100 ಮನೆಗಳನ್ನು ಎಬ್ಬಿಸುವ ಕೆಲಸದಲ್ಲಿ ಕೈಜೋಡಿಸಿದರು. 2019ರಲ್ಲಿ, 95ನೇ ವಯಸ್ಸಿನಲ್ಲಿ, ಮನೆಯಲ್ಲಿ ಬಿದ್ದು ಹಣೆಗೆ 14 ಹೊಲಿಗೆ ಹಾಕಿಸಿಕೊಂಡ ಬೆನ್ನಿಗೇ ಕಣ್ಣು ಕಪ್ಪಿಟ್ಟ ಮುಖದಲ್ಲೇ ನ್ಯಾಶ್‌ವಿಲ್ ನಗರದ ಕೆಲಸದ ಜಾಗಕ್ಕೆ ಬಂದಿದ್ದರು. 2024ರ ಡಿಸೆಂಬರಿನಲ್ಲಿ, ನೂರು ವರ್ಷ ತುಂಬಿದ ಮೇಲೆ, ಅವರು ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳು ಅಧ್ಯಕ್ಷರ ಚಿತ್ರದ ಜೊತೆಗೇ ಸುತ್ತಿಗೆ ಹಿಡಿದ ಬಡಗಿಯ ಚಿತ್ರವನ್ನೂ ಹಾಕಿದವು.

ಈ ಚಿತ್ರ ನೋಡಿದರೆ ನಮಗೆ ಸಂತೋಷವಾಗುತ್ತದೆ. ಆದರೆ ಒಂದು ಗಳಿಗೆ ನಿಂತು ಯೋಚಿಸಬೇಕು. ನಮ್ಮ ಸಂತೋಷ ಯಾತಕ್ಕೆ? ಮನೆಯಿಲ್ಲದವರಿಗೆ ಮನೆಯಾಯಿತೆಂದೋ ಅಥವಾ ದೊಡ್ಡವರ ಕೈಯಲ್ಲಿ ಸುತ್ತಿಗೆ ಕಂಡಿತೆಂದೋ? ಅದೇ ನ್ಯೂಯಾರ್ಕಿನಲ್ಲಿ ಅದೇ ದಿನ ಸಾವಿರಾರು ಬಡಗಿಗಳು, ಗಾರೆ ಕೆಲಸದವರು ಬೆವರು ಸುರಿಸಿದ್ದರು. ಅವರ ಚಿತ್ರ ಯಾರೂ ತೆಗೆಯಲಿಲ್ಲ. ದುಡಿಮೆ ಪವಿತ್ರ ಎಂದು ಎಲ್ಲ ಧರ್ಮಗಳೂ ಹೇಳುತ್ತವೆ. ಹಾಗಿದ್ದರೆ ಆ ಪಾವಿತ್ರ್ಯ ನಮ್ಮ ಕಣ್ಣಿಗೆ ಬೀಳಬೇಕಾದರೆ ದುಡಿಯುವ ಕೈ ಕೂಲಿಯವನದಲ್ಲದೆ ಬೇರೆಯವರದಾಗಿರಬೇಕೇ? ನಾವು ಇಲ್ಲಿ ಎತ್ತಿಕೊಳ್ಳಲು ಹೊರಟಿರುವ ಪ್ರಶ್ನೆ ಇದು.

ಪ್ರವಾಸವೂ ಹೌದು, ಪ್ರಾರ್ಥನೆಯೂ ಹೌದು

ಮಿಷನ್ ಎಂಬ ಪದ ಕೇಳಿದೊಡನೆ ನಮ್ಮಲ್ಲಿ ಕೆಲವರಿಗೆ ಮತಾಂತರದ ಜಗಳ ನೆನಪಾಗುತ್ತದೆ. ಕರಾವಳಿಯವರಿಗೆ ಹೆಂಚು ನೆನಪಾಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಶಾಲೆ, ಅಚ್ಚುಕೂಟ, ನೇಯ್ಗೆಯ ಜೊತೆಗೆ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದರು. ಕ್ರೈಸ್ತರಾದ ಕಾರಣಕ್ಕೆ ಜಾತಿಯನ್ನೂ ಕುಲಕಸುಬನ್ನೂ ಕಳಕೊಂಡವರಿಗೆ ಅನ್ನದ ದಾರಿ ಬೇಕಿತ್ತು. ಅಲ್ಲಿ ದುಡಿಮೆ ಎಂದರೆ ಹೊಟ್ಟೆಪಾಡು. ನಾವು ಈಗ ಹೇಳುತ್ತಿರುವುದು ಅದಲ್ಲ.

ಅಮೆರಿಕದ ಚರ್ಚುಗಳಲ್ಲಿ ಬೇಸಿಗೆ ರಜೆ ಬಂತೆಂದರೆ ಹದಿಹರೆಯದವರನ್ನೂ ದೊಡ್ಡವರನ್ನೂ ಸೇರಿಸಿಕೊಂಡು ತಂಡಗಳು ಹೊರಡುತ್ತವೆ. ಕೆಲವು ಮೆಕ್ಸಿಕೊ, ಹೊಂಡುರಾಸ್, ಹೈಟಿಯಂಥ ದೇಶಗಳಿಗೆ. ಇನ್ನು ಕೆಲವು ತಮ್ಮದೇ ದೇಶದ ಬಡ ಪ್ರದೇಶಗಳಿಗೆ. ಒಂದೋ ಎರಡೋ ವಾರ ಅಲ್ಲಿದ್ದು ಮನೆ ಕಟ್ಟುತ್ತಾರೆ, ಬಾವಿ ತೋಡುತ್ತಾರೆ, ಶಾಲೆಗೆ ಬಣ್ಣ ಬಳಿಯುತ್ತಾರೆ. ಕಲ್ಲಿದ್ದಲ ಗಣಿಗಳ ನಾಡಾದ ಅಪಲೇಶಿಯಾದಲ್ಲಿ 1969ರಲ್ಲಿ ಒಬ್ಬ ಮೆಥಡಿಸ್ಟ್ ಪಾದ್ರಿ ಇಂಥ ಕೆಲಸ ಶುರು ಮಾಡಿದರು. ಇಂದಿಗೂ ಪ್ರತಿ ಬೇಸಿಗೆಯಲ್ಲಿ ಪೇಟೆಯ ಮಕ್ಕಳು ಅಲ್ಲಿಗೆ ಬಂದು, ಶಾಲೆಯ ನೆಲದ ಮೇಲೆ ಮಲಗಿ, ಬಡವರ ಮನೆಯ ಸೋರುವ ಮಾಡನ್ನೂ ಕುಸಿದ ಮೆಟ್ಟಿಲನ್ನೂ ಸರಿಪಡಿಸುತ್ತಾರೆ. ಸಂಜೆ ಕೈಕಾಲು ತೊಳೆದು ಒಟ್ಟಿಗೆ ಕುಳಿತು ಆ ದಿನ ದೇವರು ತಮಗೆ ಏನು ಕಲಿಸಿದ ಎಂದು ಮಾತಾಡಿಕೊಳ್ಳುತ್ತಾರೆ. ಪುಸ್ತಕದಿಂದಲೋ ಪ್ರವಚನದಿಂದಲೋ ಬಾರದ ಪಾಠವೊಂದು ಗುದ್ದಲಿಯ ಹಿಡಿಯಿಂದ ಬರುತ್ತದೆಂಬುದು ಅವರ ನಂಬಿಕೆ.

ಈ ನಂಬಿಕೆ ಕ್ರೈಸ್ತ ಪರಂಪರೆಯಲ್ಲಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಏಸು ಬಡಗಿಯ ಮನೆಯಲ್ಲಿ ಬೆಳೆದವರು. ಸಂತ ಪೌಲರು ಡೇರೆ ಹೊಲಿದು ತಮ್ಮ ಅನ್ನ ತಾವೇ ಸಂಪಾದಿಸುತ್ತಿದ್ದರು. ಆರನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ತಮ್ಮ ಮಠದ ನಿಯಮ ಬರೆದಾಗ ಪ್ರಾರ್ಥನೆಗೆ ಹೊತ್ತು ನಿಗದಿ ಮಾಡಿದಂತೆಯೇ ಮೈ ಬಗ್ಗಿಸಿ ದುಡಿಯುವುದಕ್ಕೂ ಹೊತ್ತು ನಿಗದಿ ಮಾಡಿದರು. ಹದಿನೇಳನೇ ಶತಮಾನದಲ್ಲಿ ಪ್ಯಾರಿಸಿನ ಮಠವೊಂದರ ಅಡುಗೆಮನೆಯಲ್ಲಿದ್ದ ಬ್ರದರ್ ಲಾರೆನ್ಸ್ ಎಂಬ ಸಾಧಾರಣ ಸನ್ಯಾಸಿಗೆ ಪಾತ್ರೆಗಳ ನಡುವೆಯೂ ದೇವಾಲಯದಲ್ಲಿದ್ದಷ್ಟೇ ದೇವರ ಸಾನ್ನಿಧ್ಯ ಸಿಗುತ್ತಿತ್ತಂತೆ.

ರಸಮಟ್ಟಕ್ಕೆ ಮುಲಾಜಿಲ್ಲ

ದೈಹಿಕ ದುಡಿಮೆ ನಿಜಕ್ಕೂ ಏನನ್ನು ಕಲಿಸುತ್ತದೆ? ಪೆನ್ನು ಹಿಡಿದು ಬದುಕುವ ನಮ್ಮಂಥವರಿಗೆ ಇದನ್ನು ಹೇಳುವ ಅಧಿಕಾರ ಕಡಿಮೆ. ಆದರೂ ಎರಡು ಗಂಟೆಯ ಅನುಭವವೊಂದು ನಮ್ಮಲ್ಲೂ ಇದೆ.

ನಮ್ಮ ಮನೆ ಕಟ್ಟುತ್ತಿದ್ದ ದಿನಗಳವು. ಒಂದು ದಿನ ಕೆಲಸದವರು ಇಬ್ಬರು ಬರಲಿಲ್ಲ. ಸಿಮೆಂಟು ಕಲಸಿ ಆಗಿತ್ತು. ಬಿಟ್ಟರೆ ಗಟ್ಟಿಯಾಗುತ್ತದೆ. ಮೇಸ್ತ್ರಿ ಅರ್ಧ ತಮಾಷೆಯಾಗಿ, "ಸಾಹೇಬ್ರೇ, ಬಾಂಡ್ಲಿ ಹಿಡೀತೀರಾ?" ಎಂದ. ನಾವು ಹುರುಪಿನಲ್ಲಿ ಅಂಗಿ ಕಳಚಿ ನಿಂತೆವು. ಬಗ್ಗಿ ಎತ್ತಲು ಹೋದಾಗ ಸೊಂಟ ಹಿಡಿದುಕೊಂಡಿತು. ಉತ್ತರ ಕರ್ನಾಟಕದಿಂದ ಕೂಲಿಗೆ ಬಂದಿದ್ದ ಹೆಂಗಸೊಬ್ಬಳು ಅದನ್ನು ನೋಡಿ ನಗುತ್ತಾ, "ಬಗ್ಗಿ ಎತ್ತಬ್ಯಾಡ್ರಿ ಅಣ್ಣಾರ, ಕುಂತು ಎತ್ರಿ" ಎಂದಳು. ಹಳೆಯ ಟವೆಲ್ಲನ್ನು ಸುತ್ತಿ ಸಿಂಬೆ ಮಾಡಿ ನಮ್ಮ ತಲೆಯ ಮೇಲೆ ಇಟ್ಟಳು. ಅವಳು ಹೇಳಿದಂತೆ ಮಾಡಿದಾಗ ಅದೇ ಭಾರ ಅರ್ಧವಾದಂತಾಯಿತು.

ಅಂದು ನಾವು ಕಲಿತದ್ದು ಮೂರು. ಮೊದಲನೆಯದು, ನಮಗೆ ಗೊತ್ತಿಲ್ಲದ್ದು ಬಹಳಷ್ಟಿದೆ ಮತ್ತು ಅದು ಗೊತ್ತಿರುವವರು ನಾವು ಅವಿದ್ಯಾವಂತರೆಂದು ಕರೆಯುವವರು. ಭಾರ ಎತ್ತುವುದಕ್ಕೂ ಒಂದು ವಿದ್ಯೆಯಿದೆ. ಎರಡನೆಯದು, ಒಬ್ಬನ ಕೆಲಸ ಇನ್ನೊಬ್ಬನ ಕೆಲಸಕ್ಕೆ ಕಟ್ಟಿಹಾಕಲ್ಪಟ್ಟಿದೆ. ಕಲಸುವವ ತಡ ಮಾಡಿದರೆ ಹೊರುವವ ನಿಲ್ಲಬೇಕು, ಹೊರುವವ ನಿಂತರೆ ಮೇಸ್ತ್ರಿಯ ಕರಣೆ ಒಣಗುತ್ತದೆ. 'ನಾನು ಸ್ವಂತ ಕಾಲ ಮೇಲೆ ನಿಂತವನು' ಎಂಬ ಮಾತು ಸಾರವೆಯ ಮೇಲೆ ನಿಂತವನ ಬಾಯಲ್ಲಿ ಬರುವುದಿಲ್ಲ. ಮೂರನೆಯದು, ಹೆಚ್ಚು ಮುಖ್ಯವಾದದ್ದು. ನಾವು ಬಹಳ ಶ್ರದ್ಧೆಯಿಂದ ನಾಲ್ಕು ಕಲ್ಲು ಇಟ್ಟೆವು. ಮೇಸ್ತ್ರಿ ರಸಮಟ್ಟ ಇಟ್ಟು ನೋಡಿದ. ಗುಳ್ಳೆ ಒಂದು ಬದಿಗೆ ಓಡಿತು. ಅವನು ಏನೂ ಹೇಳದೆ ನಾಲ್ಕನ್ನೂ ತೆಗೆದು ಮತ್ತೆ ಇಟ್ಟ.

ಈ ಮೂರನೆಯ ಪಾಠದಲ್ಲಿ ಧರ್ಮದ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಕರ್ಮಗಳ ಬೆಲೆ ನಿಯ್ಯತ್ತಿನಲ್ಲಿ, ಅಂದರೆ ಮನಸ್ಸಿನ ಉದ್ದೇಶದಲ್ಲಿ ಇದೆ ಎಂದು ನಾವು ನಂಬುತ್ತೇವೆ. ಇತರ ಧರ್ಮಗಳೂ ಇದನ್ನು ಬೇರೆ ಬೇರೆ ಮಾತಿನಲ್ಲಿ ಒಪ್ಪುತ್ತವೆ. ಆದರೆ ಗೋಡೆಗೆ ನಮ್ಮ ನಿಯ್ಯತ್ತು ಗೊತ್ತಿಲ್ಲ. ರಸಮಟ್ಟಕ್ಕೆ ಯಾರ ಮುಲಾಜೂ ಇಲ್ಲ. ಒಳ್ಳೆಯ ಮನಸ್ಸಿನಿಂದ ಕಟ್ಟಿದ ಸೊಟ್ಟ ಗೋಡೆ ಸೊಟ್ಟ ಗೋಡೆಯೇ. ಕಟ್ಟಿದವನ ಲೆಕ್ಕ ದೇವನ ಮುಂದೆ ಅವನ ಉದ್ದೇಶದಿಂದ ಆಗಬಹುದು. ಆದರೆ ಆ ಗೋಡೆಯ ಕೆಳಗೆ ಮಕ್ಕಳನ್ನು ಮಲಗಿಸಿಕೊಳ್ಳುವ ತಾಯಿಯ ಲೆಕ್ಕ ಬೇರೆ. ಸೇವೆಗೆ ಹೊರಟವರು ಮೊದಲನೆಯ ಲೆಕ್ಕವನ್ನಷ್ಟೇ ಇಟ್ಟುಕೊಂಡು ಎರಡನೆಯದನ್ನು ಮರೆತರೆ ಅವರ ಆಧ್ಯಾತ್ಮಿಕತೆ ಇನ್ನೊಬ್ಬರ ಮನೆಯ ಬಿರುಕಾಗುತ್ತದೆ.

ಹದಿನೈದು ಮನೆಗಳ ಲೆಕ್ಕ

ಇದು ಬರೀ ಊಹೆಯಲ್ಲ. 1998ರ ಕೊನೆಯಲ್ಲಿ ಮಿಚ್ ಎಂಬ ಚಂಡಮಾರುತ ಮಧ್ಯ ಅಮೆರಿಕಕ್ಕೆ ಅಪ್ಪಳಿಸಿತು. ಹೊಂಡುರಾಸ್ ದೇಶದಲ್ಲಿ ಸಾವಿರಾರು ಜನ ಸತ್ತರು, ಅಸಂಖ್ಯ ಮನೆಗಳು ಕೊಚ್ಚಿಹೋದವು. ಉತ್ತರ ಅಮೆರಿಕದ ಚರ್ಚುಗಳ ತಂಡಗಳು ಮನೆ ಕಟ್ಟಿಕೊಡಲು ಧಾವಿಸಿದವು. ಕರ್ಟ್ ವರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞರು ಕ್ರೈಸ್ತ ಕಾಲೇಜೊಂದರ ಅಧ್ಯಾಪಕರು, ಹೊಂಡುರಾಸ್‌ನಲ್ಲೇ ಬಹುಕಾಲ ನೆಲೆಸಿದವರು. ಅವರು ಈ ಮನೆಗಳ ಬೆನ್ನು ಹಿಡಿದು ಒಂದು ಅಧ್ಯಯನ ನಡೆಸಿ 2006ರಲ್ಲಿ ಪ್ರಕಟಿಸಿದರು. ಒಂದು ತಂಡ ವಿಮಾನದಲ್ಲಿ ಬಂದು ಒಂದು ಮನೆ ಕಟ್ಟಿ ಹಿಂತಿರುಗಲು ಸುಮಾರು 30 ಸಾವಿರ ಡಾಲರ್ ವೆಚ್ಚವಾಗುತ್ತಿತ್ತು. ಅಂಥದೇ ಮನೆಯನ್ನು ಸ್ಥಳೀಯ ಕ್ರೈಸ್ತ ಸಂಸ್ಥೆಗಳು ಸುಮಾರು 2 ಸಾವಿರ ಡಾಲರಿಗೆ ಕಟ್ಟುತ್ತಿದ್ದವು. ಹೊರಗಿನವರು ಕಟ್ಟಿದ ಮನೆಯಲ್ಲಿದ್ದವರ ಬಾಳಿಗೂ ಊರಿನವರು ಕಟ್ಟಿದ ಮನೆಯಲ್ಲಿದ್ದವರ ಬಾಳಿಗೂ ವ್ಯತ್ಯಾಸವೇನೂ ಕಾಣಲಿಲ್ಲ. ಬಂದುಹೋದವರಾದರೂ ಬದಲಾದರೇ? 'ನಮ್ಮ ಬದುಕೇ ಬದಲಾಯಿತು' ಎಂದು ಹೇಳಿಕೊಂಡವರಿದ್ದರು. ಆದರೆ ಅವರ ದಾನದಲ್ಲಾಗಲಿ ನಡವಳಿಕೆಯಲ್ಲಾಗಲಿ ಉಳಿದ ಬದಲಾವಣೆ ಬಹಳ ಕಡಿಮೆ.

ಲೆಕ್ಕ ಸರಳ. ಒಂದು ತಂಡದ ಪ್ರಯಾಣದ ದುಡ್ಡಿನಲ್ಲಿ ಹದಿನೈದು ಮನೆ ಏಳುತ್ತಿತ್ತು. ಜೊತೆಗೆ ಹೊಂಡುರಾಸ್‌ನ ಹದಿನೈದು ಮೇಸ್ತ್ರಿಗಳಿಗೆ ಕೂಲಿ ಸಿಗುತ್ತಿತ್ತು. ಚಂಡಮಾರುತದಲ್ಲಿ ಮನೆ ಕಳಕೊಂಡ ಒಬ್ಬ ಗಾರೆ ಕೆಲಸದವನನ್ನು ಊಹಿಸಿಕೊಳ್ಳಿ. ತಾನು ಜೀವಮಾನವಿಡೀ ಮಾಡಿದ ಕೆಲಸವನ್ನು ಎಂದೂ ಕರಣೆ ಹಿಡಿಯದ ಹುಡುಗರು ಬಿಟ್ಟಿಯಾಗಿ ಮಾಡುತ್ತಿರುವುದನ್ನು ಅವನು ಕೈಕಟ್ಟಿ ನಿಂತು ನೋಡಬೇಕು. ಅಷ್ಟೇ ಅಲ್ಲ, ಕೃತಜ್ಞತೆಯಿಂದ ನಗಬೇಕು. ಆ ಹುಡುಗರು ಸಂಜೆ ಕುಳಿತು ವಿನಯದ ಪಾಠ ಕಲಿತೆವೆಂದು ಹೇಳಿಕೊಳ್ಳುವಾಗ, ಆ ಪಾಠದ ಶುಲ್ಕ ಕಟ್ಟಿದವನು ಅವನು.

ಇವಾನ್ ಇಲಿಚ್ ಎಂಬ ಕ್ಯಾಥೊಲಿಕ್ ಪಾದ್ರಿ ಮತ್ತು ಚಿಂತಕರು ಇದನ್ನು ಬಹಳ ಮೊದಲೇ ಕಂಡಿದ್ದರು. 1968ರಲ್ಲಿ ಮೆಕ್ಸಿಕೊದ ಕ್ವೆರ್ನವಾಕದಲ್ಲಿ, ಬೇಸಿಗೆ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಎದುರಿಗೇ ನಿಂತು ಅವರ ಸದುದ್ದೇಶವನ್ನು ತರಾಟೆಗೆ ತೆಗೆದುಕೊಂಡರು. ನೋಡಲು, ಕಲಿಯಲು ಬರುವುದಾದರೆ ಬರಲಿ, ಉದ್ಧಾರ ಮಾಡಲು ಬರುವುದು ಬೇಡ ಎಂಬುದು ಅವರ ನಿಲುವು. ಕರೆಸಿದವರ ಮನೆಯಲ್ಲೇ ಇಂಥ ಮಾತಾಡಲು ಧೈರ್ಯ ಬೇಕು. ಒಂದು ಧರ್ಮದ ಸತ್ವ ತಿಳಿಯುವುದು ಅದರ ಸೇವಾಕಾರ್ಯಗಳ ಪಟ್ಟಿಯಿಂದಲ್ಲ, ತನ್ನ ಸೇವೆಯನ್ನೇ ಪ್ರಶ್ನಿಸುವವರನ್ನು ಅದು ಒಳಗೇ ಹುಟ್ಟಿಸುತ್ತದೆಯೇ ಎಂಬುದರಿಂದ ಎಂದು ನಮಗನಿಸುತ್ತದೆ. ಇಲಿಚ್ ಮತ್ತು ವರ್ ಬೀಕ್ ಹೊರಗಿನಿಂದ ಕಲ್ಲೆಸೆದವರಲ್ಲ.

ಹಾಗಾದರೆ ಯಾರೂ ಎಲ್ಲಿಗೂ ಹೋಗಬಾರದೇ? ಹಣ ಕಳುಹಿಸಿ ಮನೆಯಲ್ಲಿ ಕುಳಿತರೆ ಸಾಕೇ? ಅದೂ ಅಷ್ಟು ಸರಳವಲ್ಲ. ಚೆಕ್ಕಿಗೆ ಸಹಿ ಹಾಕುವ ಕೈಗೆ ಎಂದೂ ಬೊಕ್ಕೆ ಏಳುವುದಿಲ್ಲ. ಬಡವನ ಮುಖ ನೋಡದೆಯೂ ದಾನ ಮಾಡಬಹುದು, ಬಡವನ ಮುಖ ನೋಡಬಾರದೆಂದೇ ದಾನ ಮಾಡುವವರೂ ಇದ್ದಾರೆ. ಹಣ ಮನೆ ಕಟ್ಟೀತು, ಸಂಬಂಧ ಕಟ್ಟಲಾರದು. ಆದ್ದರಿಂದ ಹೋಗಬೇಕೇ ಬೇಡವೇ ಎಂಬುದಕ್ಕಿಂತ, ಹೋದಲ್ಲಿ ಯಾರ ಕೈಕೆಳಗೆ ನಿಲ್ಲುತ್ತೇವೆ, ಮರಳಿದ ಮೇಲೆ ಹೇಗೆ ಬದುಕುತ್ತೇವೆ ಎಂಬುದು ನಿಜವಾದ ಪ್ರಶ್ನೆ.

ಪಾದ್ರಿ ಕೂಲಿಯಾದಾಗ

ಮೊದಲನೆಯದಕ್ಕೆ ಸ್ಕಾಟ್ಲೆಂಡಿನಲ್ಲಿ ಒಂದು ಒಳ್ಳೆಯ ಉದಾಹರಣೆಯಿದೆ. ಜಾರ್ಜ್ ಮ್ಯಾಕ್ಲಾಯ್ಡ್ ಗ್ಲಾಸ್ಗೋ ನಗರದ ಗೋವನ್ ಎಂಬ ಕಡೆ ಪಾದ್ರಿಯಾಗಿದ್ದರು. ಹಡಗು ಕಟ್ಟುವ ಕಾರ್ಮಿಕರ ಊರದು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಲ್ಲಿ ಕೈಕಸುಬು ಬಲ್ಲವರಿಗೂ ಕೆಲಸವಿರಲಿಲ್ಲ. ಚರ್ಚಿನ ಮಾತು ಇವರ ಕಿವಿಗೆ ಬೀಳುತ್ತಿಲ್ಲ ಎಂದು ಮ್ಯಾಕ್ಲಾಯ್ಡ್ ಅವರಿಗೆ ಅನಿಸಿತು. ಪಾದ್ರಿಗಳಿಗೂ ಇವರ ಬದುಕು ಗೊತ್ತಿಲ್ಲ ಎಂದೂ ಅನಿಸಿತು. 1938ರಲ್ಲಿ ಅವರು ಹುದ್ದೆ ಬಿಟ್ಟು ಅಯೋನಾ ಎಂಬ ಪುಟ್ಟ ದ್ವೀಪಕ್ಕೆ ಹೊರಟರು. ಜೊತೆಗೆ ಕೆಲಸವಿಲ್ಲದ ಕುಶಲಕರ್ಮಿಗಳು ಮತ್ತು ಪಾದ್ರಿಯಾಗಲು ಓದುತ್ತಿದ್ದ ಯುವಕರು. ಅಲ್ಲಿದ್ದ ಮಧ್ಯಯುಗದ ಮಠದ ಪಾಳುಬಿದ್ದ ವಾಸದ ಕಟ್ಟಡಗಳನ್ನು ಮತ್ತೆ ಕಟ್ಟುವುದು ಅವರ ಕೆಲಸ.

ಇಲ್ಲಿ ಗಮನಿಸಬೇಕಾದ್ದು ಕೆಲಸದ ಹಂಚಿಕೆ. ಕಲ್ಲುಕುಟಿಗ ಮತ್ತು ಬಡಗಿ ಗುರುಗಳು. ದೇವಶಾಸ್ತ್ರ ಓದಿದವರು ಅವರಿಗೆ ಕಲ್ಲು ಹೊತ್ತು ಕೊಡುವ ಸಹಾಯಕರು. ಭಾನುವಾರ ಯಾರು ಮೇಲೆ ನಿಂತು ಉಪದೇಶ ಮಾಡಬೇಕಿತ್ತೋ ಅವರು ವಾರದ ಉಳಿದ ದಿನ ಕೆಳಗೆ ನಿಂತು ಅಪ್ಪಣೆಗೆ ಕಾಯಬೇಕು. ಕಟ್ಟಡ ಪೂರ್ಣವಾದದ್ದು 1965ರಲ್ಲಿ. ಇಪ್ಪತ್ತೇಳು ವರ್ಷ ಹಿಡಿಯಿತು. ಹೊಂಡುರಾಸ್‌ನಲ್ಲಿ ಮೇಸ್ತ್ರಿ ಕೈಕಟ್ಟಿ ನಿಂತಿದ್ದ, ಅಯೋನಾದಲ್ಲಿ ಮೇಸ್ತ್ರಿ ಪಾದ್ರಿಗೆ ಕೆಲಸ ಹೇಳಿದ. ಎರಡೂ ಕಡೆ ಸುರಿದದ್ದು ಬೆವರೇ. ಆದರೆ ವಿನಯ ಎಂಬುದು ಬೆವರಿನಲ್ಲಿಲ್ಲ, ಅಪ್ಪಣೆ ಯಾರದು ಎಂಬುದರಲ್ಲಿದೆ.

ಒಂದೇ ಮೇಜು

ಮರಳಿದ ಮೇಲೆ ಹೇಗೆ ಬದುಕುತ್ತೇವೆ ಎಂಬ ಎರಡನೆಯ ಪ್ರಶ್ನೆಗೆ ನಾವು ಆರಂಭದಲ್ಲಿ ಹೇಳಿದ ಬಸ್ಸಿನ ಊರಿಗೇ ಹಿಂತಿರುಗಬೇಕು. ಅಮೆರಿಕಸ್ ಪಟ್ಟಣದ ಹತ್ತಿರ 1942ರಲ್ಲಿ ಕ್ಲಾರೆನ್ಸ್ ಜೋರ್ಡನ್ ಎಂಬ ಬಿಳಿಯ ಬ್ಯಾಪ್ಟಿಸ್ಟ್ ಪಂಡಿತ 'ಕೊಯಿನೊನಿಯಾ' ಎಂಬ ಜಮೀನು ಶುರುಮಾಡಿದರು. ಗ್ರೀಕ್ ಭಾಷೆಯ ಆ ಹೆಸರಿಗೆ ಸಹಭಾಗಿತ್ವ ಎಂದರ್ಥ. ಜೋರ್ಡನ್ ಬೇಸಾಯವನ್ನೂ ಓದಿದ್ದರು, ಬೈಬಲಿನ ಗ್ರೀಕನ್ನೂ ಓದಿದ್ದರು. ಅಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ದುಡಿಯುತ್ತಿದ್ದರು. ಅದನ್ನು ಊರು ಸಹಿಸಿಕೊಂಡಿತು. ಜಾರ್ಜಿಯಾದ ಹತ್ತಿ ಹೊಲಗಳಲ್ಲಿ ಕರಿಯರು ಬಿಳಿಯರಿಗಾಗಿ ದುಡಿಯುವುದು ಹಳೆಯ ಸಂಗತಿಯೇ. ಊರಿಗೆ ಸಹಿಸಲಾಗದ್ದು, ಮಧ್ಯಾಹ್ನ ಎಲ್ಲರೂ ಒಂದೇ ಮೇಜಿನಲ್ಲಿ ಕುಳಿತು ಉಣ್ಣುತ್ತಿದ್ದುದು.

1950ರ ದಶಕದ ನಡುವಿನಲ್ಲಿ ವರ್ಣಭೇದದ ಜಗಳ ಕಾವೇರಿದಾಗ ಕೊಯಿನೊನಿಯಾಕ್ಕೆ ಬಹಿಷ್ಕಾರ ಬಿತ್ತು. ಅಂಗಡಿಯವರು ಬೀಜ, ಗೊಬ್ಬರ ಮಾರಲಿಲ್ಲ. ರಸ್ತೆ ಬದಿಯ ಅವರ ಮಾರಾಟದ ಮಳಿಗೆಗೆ ಬಾಂಬ್ ಬಿತ್ತು, ಮನೆಗಳ ಮೇಲೆ ಗುಂಡು ಹಾರಿತು. ಅವರು ಊರು ಬಿಡಲಿಲ್ಲ. ಊರಿನವರು ಕೊಳ್ಳದ ಮೇಲೆ ಪೆಕಾನ್ ಎಂಬ ಬೀಜವನ್ನು ಅಂಚೆಯ ಮೂಲಕ ದೂರದವರಿಗೆ ಮಾರಿ ಬದುಕಿದರು. ಅವರ ದುಡಿಮೆಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

1965ರಲ್ಲಿ ಮಿಲ್ಲಾರ್ಡ್ ಫುಲ್ಲರ್ ಎಂಬ ಶ್ರೀಮಂತ ಯುವಕ ಅಲ್ಲಿಗೆ ಬಂದ. ಮೂವತ್ತು ತುಂಬುವ ಮೊದಲೇ ಲಕ್ಷಾಧೀಶ್ವರನಾಗಿ, ಆ ಗಡಿಬಿಡಿಯಲ್ಲಿ ಸಂಸಾರವೇ ಮುರಿಯುವ ಹಂತಕ್ಕೆ ಬಂದು, ಆಸ್ತಿಯನ್ನು ಬಿಟ್ಟುಕೊಡಲು ನಿರ್ಧರಿಸಿದ್ದ. ಜೋರ್ಡನ್ ಮತ್ತು ಫುಲ್ಲರ್ ಸೇರಿ ಒಂದು ಯೋಜನೆ ಹಾಕಿದರು. ಬಡವರಿಗೆ ಬೇಕಾದ್ದು ಭಿಕ್ಷೆಯಲ್ಲ, ಪಾಲುದಾರಿಕೆ. ಮನೆ ಕಟ್ಟಿಕೊಡೋಣ, ಪುಕ್ಕಟೆಯಾಗಿ ಅಲ್ಲ. ಮನೆಯವರು ಅಸಲನ್ನು ಕಂತಿನಲ್ಲಿ ತೀರಿಸಲಿ. ಲಾಭವೂ ಬೇಡ, ಬಡ್ಡಿಯೂ ಬೇಡ. ಬಡವನಿಂದ ಬಡ್ಡಿ ವಸೂಲು ಮಾಡಬಾರದೆಂಬ ಬೈಬಲಿನ ಆಜ್ಞೆಯೇ ಇದಕ್ಕೆ ಆಧಾರ. ಬಡ್ಡಿಯ ನಿಷೇಧ ಓದುತ್ತ ಬೆಳೆದ ಮುಸ್ಲಿಮ್ ಓದುಗರಿಗೆ ಇದು ಪರಿಚಿತವೆನಿಸದೆ ಇರದು. 1976ರಲ್ಲಿ ಇದೇ 'ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ' ಎಂಬ ಸಂಸ್ಥೆಯಾಯಿತು. ಕಾರ್ಟರ್ ಬಸ್ಸು ಹತ್ತಿದ್ದು ಇದರ ಪರವಾಗಿ. ಮನೆ ಪಡೆಯುವ ಕುಟುಂಬವೂ ನೂರಾರು ಗಂಟೆ ಮೈಮುರಿದು ದುಡಿಯಬೇಕೆಂಬುದು ಅದರ ನಿಯಮ. ತನ್ನ ಮನೆಗೆ ಮಾತ್ರವಲ್ಲ, ನೆರೆಯವನ ಮನೆಗೂ. ಹಾಗಾಗಿ ಅಲ್ಲಿ ಮನೆ ಪಡೆಯುವವಳು ಕೈಚಾಚಿ ನಿಂತವಳಲ್ಲ. ಸುತ್ತಿಗೆ ಹಿಡಿದ ಮಾಜಿ ಅಧ್ಯಕ್ಷರ ಪಕ್ಕದಲ್ಲಿ ಇನ್ನೊಂದು ಸುತ್ತಿಗೆ ಹಿಡಿದವಳು.

ಈ ಪದ್ಧತಿಯಲ್ಲೂ ಕೊರತೆಗಳಿರಬಹುದು. ಫೋಟೊಗಾಗಿ ಬರುವವರು ಅಲ್ಲಿಗೂ ಬರುತ್ತಾರೆ. ಆದರೆ ಅದರ ಬೇರು ಒಂದು ವಾರದ ಪ್ರವಾಸದಲ್ಲಿಲ್ಲ, ಬಾಂಬ್ ಬಿದ್ದರೂ ಬಿಡದ ಒಂದು ಊಟದ ಮೇಜಿನಲ್ಲಿದೆ ಎಂಬುದನ್ನು ನಾವು ಮರೆಯಬಾರದು. 1969ರಲ್ಲಿ ಜೋರ್ಡನ್ ತೀರಿಕೊಂಡಾಗ ಅವರನ್ನು ಸಾಮಾನು ಸಾಗಿಸುವ ಮರದ ಪೆಟ್ಟಿಗೆಯಲ್ಲಿಟ್ಟು, ಗುರುತಿನ ಕಲ್ಲೂ ಇಲ್ಲದೆ, ಅದೇ ಜಮೀನಿನಲ್ಲಿ ಮಣ್ಣು ಮಾಡಿದರು.

ನಮ್ಮ ಅಂಗಳದಲ್ಲಿ

ಇದೆಲ್ಲ ದೂರದ ಕ್ರೈಸ್ತರ ಮಾತು ಎಂದು ಪುಟ ಮಗುಚುವ ಹಾಗಿಲ್ಲ. ಕಾಯಕವನ್ನು ಕೈಲಾಸದ ಎತ್ತರಕ್ಕೇರಿಸಿದ ನಾಡು ನಮ್ಮದು. ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಅದನ್ನು ಅಲ್ಲೇ ಸುರಿದು ಬರುವಂತೆ ಹೇಳಿದವಳು ಅವನ ಹೆಂಡತಿ ಲಕ್ಕಮ್ಮ. ಸೇವೆಗೆಂದು ತಂದದ್ದರಲ್ಲೂ ಆಸೆ ಸೇರಿಕೊಳ್ಳುತ್ತದೆ ಎಂಬುದನ್ನು ಆ ಹೆಣ್ಣುಮಗಳು ಹನ್ನೆರಡನೇ ಶತಮಾನದಲ್ಲೇ ಕಂಡಿದ್ದಳು. ಸೇವೆಗೆ ಹೊರಟವರ ಚೀಲದಲ್ಲಿ ಪುಣ್ಯದ ಆಸೆ, ಹೊಗಳಿಕೆಯ ಆಸೆ, 'ನಾನು ಒಳ್ಳೆಯವನು' ಎಂಬ ಸಮಾಧಾನದ ಆಸೆ ಎಷ್ಟಿದೆಯೆಂದು ತೂಗಿ ನೋಡಲು ಮನೆಯಲ್ಲೊಬ್ಬ ಲಕ್ಕಮ್ಮ ಬೇಕು.

ಮದೀನಾಕ್ಕೆ ಬಂದ ಹೊಸತರಲ್ಲಿ ಮಸೀದಿ ಕಟ್ಟುವಾಗ ಪ್ರವಾದಿ ಮುಹಮ್ಮದ್(ಸ)ರು ಎಲ್ಲರ ಜೊತೆ ತಾವೂ ಇಟ್ಟಿಗೆ ಹೊತ್ತರು. ಕ್ರಿ.ಶ. 627ರಲ್ಲಿ ಮದೀನಾದ ರಕ್ಷಣೆಗೆ ಕಂದಕ ತೋಡಿದಾಗ ಅವರ ಮೈಯೆಲ್ಲ ಧೂಳಾಗಿತ್ತು. ಆ ಕಂದಕದ ಸಲಹೆ ಕೊಟ್ಟವರು ಪರ್ಶಿಯಾದಿಂದ ಬಂದ, ಗುಲಾಮಗಿರಿಯನ್ನು ಉಂಡಿದ್ದ ಸಲ್ಮಾನ್(ರ). ನಾಯಕರು ಗುದ್ದಲಿ ಹಿಡಿದದ್ದನ್ನು ನಾವು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅವರು ಕೆಲಸ ಬಲ್ಲವನ ಮಾತು ಕೇಳಿದ್ದನ್ನು ಅಷ್ಟಾಗಿ ಹೇಳುವುದಿಲ್ಲ.

ಈಗ ನಮ್ಮ ಆ ಎರಡು ಗಂಟೆಯ ಕತೆಯ ಉಳಿದ ಭಾಗ ಹೇಳಬೇಕು. ಅಂದು ಬಾಂಡ್ಲಿ ಹೊತ್ತ ಸಂಗತಿಯನ್ನು ನಾವು ಒಂದು ತಿಂಗಳು ಎಲ್ಲರಿಗೂ ಹೇಳಿಕೊಂಡು ತಿರುಗಿದೆವು. ದುಡಿಮೆಯ ಬಗ್ಗೆ ಒಂದು ಭಾಷಣವನ್ನೂ ಮಾಡಿದೆವು. ಆ ಹೆಂಗಸು ಹನ್ನೊಂದು ತಿಂಗಳು ಹೊತ್ತಿದ್ದಳು. ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ. ಅಂದು ಕೆಲಸ ಮುಗಿದ ಮೇಲೆ ಚಹಾ ಬಂತು. ನಮಗೆ ಒಳಗೆ ಪಿಂಗಾಣಿ ಕಪ್ಪಿನಲ್ಲಿ. ಅವರಿಗೆ ಹೊರಗೆ, ಕಟ್ಟೆಯ ಮೇಲೆ ಅವರಿಗೆಂದೇ ಇಟ್ಟಿದ್ದ ಸ್ಟೀಲ್ ಲೋಟಗಳಲ್ಲಿ. ಕುಡಿದು ಅವರೇ ತೊಳೆದು ಕವುಚಿ ಇಟ್ಟರು. ಒಟ್ಟಿಗೆ ಮಣ್ಣಾದ ಕೈಗಳು ಹತ್ತು ನಿಮಿಷದಲ್ಲಿ ಬೇರೆ ಬೇರೆಯಾದವು. ನಮಗೆ ಅದು ಕಾಣಲೇ ಇಲ್ಲ. ಜಾರ್ಜಿಯಾದ ಬಿಳಿಯರನ್ನು ಬಯ್ಯುವ ನಾವು ನಮ್ಮದೇ ಕಟ್ಟೆಯ ಮೇಲಿನ ಲೋಟ ನೋಡಲಿಲ್ಲ. ಎಲ್ಲ ಮನುಷ್ಯರೂ ಒಂದೇ ಎಂದು ದಿನಕ್ಕೈದು ಬಾರಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವವರು ನಾವು.

ಮನೆ ಒಕ್ಕಲಿನ ದಿನ ಬಿರಿಯಾನಿ ಮಾಡಿಸಿದ್ದೆವು. ಮೇಸ್ತ್ರಿಯನ್ನು ಕರೆದಿದ್ದೆವು, ಅವನು ಬಂದು ಉಂಡು ಹೋದ. ಅವಳನ್ನು ಕರೆಯಬೇಕೆಂದು ಕೊನೆಯ ಗಳಿಗೆಯಲ್ಲಿ ನೆನಪಾಯಿತು. ಅವಳಾಗಲೇ ಬೇರೆ ಕಡೆ ಕೆಲಸಕ್ಕೆ ಹೋಗಿದ್ದಳು. ಮೇಸ್ತ್ರಿಯಲ್ಲಿ ವಿಚಾರಿಸೋಣವೆಂದರೆ ಅವಳ ಹೆಸರು ನಮಗೆ ಗೊತ್ತಿರಲಿಲ್ಲ. ಹನ್ನೊಂದು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. 'ಆ ಹೆಂಗಸು' ಎಂದೆವು. "ಯಾವ ಹೆಂಗಸು ಸಾಹೇಬ್ರೇ? ಬಂದೋರು ಹೋದೋರು ಹತ್ತಾರು ಜನ" ಎಂದ ಅವನು.

ಮಿಷನ್ ಪ್ರವಾಸದಿಂದ ಮರಳುವ ಆ ಅಮೆರಿಕದ ಹುಡುಗರ ಬಗ್ಗೆ ನಮಗೆ ಈಗ ಕೋಪವಿಲ್ಲ. ಅವರು ದೂರದೇಶಕ್ಕೆ ಹೋಗಿ ಒಂದು ವಾರದಲ್ಲಿ ಕಲಿಯಲು ಯತ್ನಿಸಿದ್ದನ್ನು ನಾವು ನಮ್ಮದೇ ಅಂಗಳದಲ್ಲಿ ಹನ್ನೊಂದು ತಿಂಗಳಲ್ಲಿ ಕಲಿಯಲಿಲ್ಲ. ಕೆಲಸಗಾರನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಪ್ರವಾದಿಯವರ(ಸ) ಆದೇಶವನ್ನು ನಾವು ಅಕ್ಷರಶಃ ಪಾಲಿಸಿದ್ದೆವು. ಒಂದು ದಿನವೂ ಕೂಲಿ ಬಾಕಿ ಇಡಲಿಲ್ಲ. ಅದರಿಂದ ನಮ್ಮ ಋಣ ತೀರಿತೆಂದುಕೊಂಡೆವು.

ಈಗ ಆ ಕಟ್ಟೆಯ ಮೇಲೆ ಬೇರೆ ಲೋಟಗಳಿಲ್ಲ. ಕೆಲಸಕ್ಕೆ ಬಂದವರು ಒಳಗೆ ಕುಳಿತು ನಮ್ಮ ಕಪ್ಪಿನಲ್ಲೇ ಚಹಾ ಕುಡಿಯುತ್ತಾರೆ. ಮೊದಮೊದಲು ಅವರಿಗೂ ಮುಜುಗರ, ನಮ್ಮ ಮನೆಯವರಿಗೂ ಮುಜುಗರ. ನಾವು ಮೊದಲು ಹೆಸರು ಕೇಳುತ್ತೇವೆ. ಇದು ದೊಡ್ಡ ಸಾಧನೆಯೇನಲ್ಲ, ಹೇಳಿಕೊಳ್ಳುವಂಥದ್ದೂ ಅಲ್ಲ. ಆದರೂ ಹೇಳುತ್ತಿದ್ದೇವೆ, ಏಕೆಂದರೆ ಓದುಗರಲ್ಲಿ ಅನೇಕರ ಮನೆಯ ಕಟ್ಟೆಯ ಮೇಲೆ ಇನ್ನೂ ಅಂಥ ಒಂದು ಲೋಟ ಕವುಚಿಕೊಂಡಿರಬಹುದು. ಅವಳು ಕಲಿಸಿದಂತೆ ನಾವು ಇಂದಿಗೂ ಭಾರವನ್ನು ಕುಳಿತೇ ಎತ್ತುತ್ತೇವೆ. ಕಲಿಸಿದವಳ ಹೆಸರು ಮಾತ್ರ ಗೊತ್ತಿಲ್ಲ.